ಕಂಡಕ್ಟರಕ್ಕನ ಕಿವಿ

ಹೋದ ತಿಂಗಳು ನಮ್ಮ ಕಾಲೇಜಿನ ಭೌತಶಾಸ್ತ್ರದ ಲ್ಯಾಬನ್ನು ಹಳೇ ಕಟ್ಟಡದಿಂದ ಹೊಸದಕ್ಕೆ ಸಾಗಿಸುತ್ತಿದ್ದೆವು. ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ, ಸುಟ್ಟುಹೋದ ಟ್ರಾನ್ಸ್‌ಫಾರ್ಮರುಗಳ ಹಿಂದೆ, ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಒಂದು ಕಾಲಕ್ಕೆ ಅಮ್ಮ ನನಗೆ ಅದರಲ್ಲಿ ಚಟ್ನಿಪುಡಿ ಹಾಕಿಕೊಡುತ್ತಿದ್ದಳು. ಮುಚ್ಚಳ ತೆಗೆದರೆ ಬಂದದ್ದು ರಬ್ಬರಿನ ವಾಸನೆ, ಅದರ ಹಿಂದೆಯೇ ಇದೆಯೋ ಇಲ್ಲವೋ ಅನ್ನುವಷ್ಟು ಕೊಬ್ಬರಿ ಎಣ್ಣೆಯದು. ಒಳಗೆ ಹತ್ತಿಯ ಮೇಲೆ ಗುಲಾಬಿ ಬಣ್ಣದ, ಸುರುಳಿ ಸುರುಳಿಯಾದ, ಹೆಬ್ಬೆರಳ ತುದಿಯಷ್ಟು ದೊಡ್ಡದೊಂದು ವಸ್ತು ಮಲಗಿತ್ತು.

ನನ್ನ ವಿದ್ಯಾರ್ಥಿನಿಯೊಬ್ಬಳು ಅದನ್ನು ಎತ್ತಿ ಬೆಳಕಿಗೆ ಹಿಡಿದು, ಇದು ಶಂಖದ ಮರಿಯೇನು ಮೇಡಂ ಎಂದು ಕೇಳಿದಳು. ಕಿವಿಯ ಅಚ್ಚು ಎಂದೆ. ಯಾರ ಕಿವಿ ಎಂದಳು. ಕಂಡಕ್ಟರಕ್ಕನದು ಎಂದೆ. ವಿದ್ಯಾರ್ಥಿಗಳೆಲ್ಲ ಕೆಲಸ ಬಿಟ್ಟು ಮುಂದಿನ ಮಾತಿಗೆ ಕಾಯುತ್ತ ನಿಂತರು. ನಿಂತಲ್ಲೇ ಹೇಳಿ ಮುಗಿಸುವಂಥದ್ದಲ್ಲ ಅದು…

ಆ ಅಚ್ಚು ತೆಗೆಸಿದ ಕಾಲಕ್ಕೆ ನಾನು ಪಾಠ ಮಾಡುತ್ತಿದ್ದುದು ಕುರುಗೋಡಿನ ಕಾಲೇಜಿನಲ್ಲಿ. ಮನೆ ಬಳ್ಳಾರಿಯ ಪಾರ್ವತಿನಗರ. ದಿನಾ ಮುಂಜಾನೆ ಬಸ್ಸು ಹಿಡಿಯಬೇಕು, ಮಧ್ಯಾಹ್ನ ಅದೇ ಬಸ್ಸಿಗೆ ತಿರುಗಿ ಬರಬೇಕು. ಆ ಬಸ್ಸಿನ ಕಂಡಕ್ಟರು ಆಕೆ. ತವರು ಕರೂರು, ಕೊಟ್ಟದ್ದು ಸಿರುಗುಪ್ಪಕ್ಕೆ. ನಸುಕಿನಲ್ಲೇ ಸಿರುಗುಪ್ಪದಿಂದ ಹೊರಟು ಬಳ್ಳಾರಿಗೆ ಬಂದು ಕೆಲಸಕ್ಕೆ ಹಾಜರಾಗುತ್ತಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರೇನೋ ಇತ್ತು. ಆದರೆ ಆ ಹೆಸರು ಹಿಡಿದು ಯಾರೂ ಕರೆದದ್ದನ್ನು ನಾನು ಕೇಳಲಿಲ್ಲ. ಮುದುಕರಿಗೂ ಆಕೆ ಕಂಡಕ್ಟರಕ್ಕ, ಕಾಲೇಜು ಹುಡುಗರಿಗೂ ಕಂಡಕ್ಟರಕ್ಕ. ನಲವತ್ತೈದು ದಾಟಿದ ಗಟ್ಟಿಮುಟ್ಟು ಹೆಂಗಸು. ಸೀರೆಯ ಮೇಲೆ ಖಾಕಿ ಕೋಟು, ಎಣ್ಣೆ ಹಚ್ಚಿ ಬಿಗಿದ ತುರುಬು, ಕಿವಿಯಲ್ಲಿ ಕೆಂಪು ಹರಳಿನ ಬೆಂಡೋಲೆ.

ಆಕೆಯ ಕಿವಿಯ ಬಗ್ಗೆ ಆ ದಾರಿಯಲ್ಲಿ ಎಲ್ಲರಿಗೂ ಒಂದೊಂದು ಕತೆ ಗೊತ್ತಿತ್ತು. ಬಸ್ಸು ಉಸಿರಾಡಲಾಗದಷ್ಟು ತುಂಬಿದ್ದಾಗ ಆಕೆ ಮುಂದಿನ ಕಂಬಕ್ಕೆ ಒರಗಿ, ನಮಗೆಲ್ಲ ಬೆನ್ನು ಕೊಟ್ಟು ಟಿಕೆಟ್ ಹರಿಯುತ್ತಿರುವಳು. ಹಿಂದೆಲ್ಲೋ ಯಾರೋ ಕೆಮ್ಮುವರು. ತಿರುಗಿಯೂ ನೋಡದೆ, ಹಿಂದಿನ ಬಾಗಿಲ ಹತ್ತಿರ ಕೆಮ್ಮಿದ ಯಜಮಾನರದು ಇನ್ನೂ ಟಿಕೆಟ್ ಆಗಿಲ್ಲ, ಈ ಕಡೆ ಕಳಿಸಿಕೊಡಿ ಅನ್ನುವಳು. ಕೂಸು ಅತ್ತರೆ ಎಡಗಡೆಯ ಮೂರನೇ ಸೀಟು ಎಂದು ಗುರುತು ಹಿಡಿದು, ಆ ಕೂಸಿಗೆ ಬಿಸಿಲು ಬೀಳುತ್ತಿದೆ, ಈಚೆ ಕೂರಿಸಿ ಅನ್ನುವಳು. ಒಮ್ಮೆ ಯಾವನೋ ಪಡ್ಡೆ ಹುಡುಗ ಪರೀಕ್ಷೆ ಮಾಡೋಣವೆಂದು ಮೂಗು ಹಿಡಿದು ಬೆಕ್ಕಿನ ಹಾಗೆ ಕೂಗಿದನಂತೆ. ಆಕೆ ಬೆನ್ನು ಮಾಡಿಕೊಂಡೇ, ಬಲಕ್ಕೆ ಕಡೇ ಸೀಟಿನ ಬೆಕ್ಕಿಗೂ ಒಂದು ಫುಲ್ ಟಿಕೆಟ್ ಎಂದಳಂತೆ. ಇಡೀ ಬಸ್ಸು ನಕ್ಕಿತಂತೆ.

ನನ್ನ ಪಿಎಚ್‌ಡಿ ಕೆಲಸ ನಡೆದಿದ್ದುದೂ ಅದೇ ಕಾಲಕ್ಕೆ. ಅದೂ ಕಿವಿಯದೇ. ಹೆಡ್‌ಫೋನ್ ಹಾಕಿಕೊಂಡಾಗ ಸದ್ದು ಸಾಮಾನ್ಯವಾಗಿ ತಲೆಯ ಒಳಗೇ ಕೇಳುತ್ತದೆ. ಆದರೆ ಎರಡು ಕಿವಿಗೆ ಹೋಗುವ ಸದ್ದುಗಳನ್ನು ಕೂದಲೆಳೆಯಷ್ಟು ಹೊತ್ತು ಹಿಂದುಮುಂದು ಮಾಡಿ, ನಮ್ಮ ಹೊರಗಿವಿಯ ಸುರುಳಿಗಳು ಸದ್ದನ್ನು ಹೇಗೆ ತಿದ್ದುತ್ತವೋ ಹಾಗೆ ಮೊದಲೇ ತಿದ್ದಿ ಕೊಟ್ಟರೆ, ಅದು ಕೋಣೆಯ ಯಾವುದೋ ಮೂಲೆಯಿಂದ ಬಂದಂತೆ ಅನ್ನಿಸುತ್ತದೆ. ಇಲ್ಲದ ಸದ್ದಿಗೆ ಒಂದು ಜಾಗ ಸಿಗುತ್ತದೆ. ಆ ಜಾಗವನ್ನು ಕೇಳುವವರು ಎಷ್ಟು ಸರಿಯಾಗಿ ತೋರಿಸುತ್ತಾರೆ? ಅಷ್ಟೇ ನನ್ನ ಪ್ರಶ್ನೆ.

ಪ್ರಶ್ನೆ ಸಣ್ಣದು, ಬಳ್ಳಾರಿಯಲ್ಲಿ ಅದಕ್ಕೆ ತಕ್ಕ ನಿಶ್ಶಬ್ದ ಹುಡುಕುವುದು ದೊಡ್ಡ ಪಾಡು. ಕಡೆಗೆ ನಮ್ಮ ಮನೆಯ ಒಳಕೋಣೆಯನ್ನೇ ಖಾಲಿ ಮಾಡಿಸಿ, ಗೋಡೆಗೆಲ್ಲ ಹಳೇ ಗಾದಿ ಕಟ್ಟಿದೆ. ನಡುವೆ ಒಂದು ಕುರ್ಚಿ, ಅದರ ಸುತ್ತ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ, ವೃತ್ತದ ಮೇಲೆ ಗುರುತುಗಳು. ಕುಳಿತವರು ಕಣ್ಣು ಮುಚ್ಚಿ ಹೆಡ್‌ಫೋನಿನಲ್ಲಿ "ಶ್ಶ್" ಎಂಬ ಸಣ್ಣ ಸದ್ದು ಕೇಳಬೇಕು, ಅದು ಎತ್ತಲಿಂದ ಬಂತೆಂದು ಕೈ ಮಾಡಿ ತೋರಿಸಬೇಕು. ಗಾದಿ ಕಟ್ಟಿದ ಕೋಣೆ ನೋಡಿ ಅಮ್ಮ, ಏಕಾದಶಿಗೆ ಬರುವ ಆಚಾರ್ಯರಿಗೆ ಏನೆಂದು ಹೇಳಲಿ ಎಂದು ತಲೆ ಚಚ್ಚಿಕೊಂಡಳು. ಆದರೂ ಮೊದಲು ಕೇಳಲು ಕುಳಿತವಳು ಆಕೆಯೇ. ಎಲ್ಲ ಸದ್ದೂ ಅಡಿಗೆಮನೆ ಕಡೆಯಿಂದಲೇ ಬರುತ್ತದೆ ಎಂದು ಸಾಧಿಸಿದಳು.

ಬಸ್ಸಿನಲ್ಲಿ ಸಹೋದ್ಯೋಗಿಗಳನ್ನು, ಗುರುತಿನವರನ್ನು ನಾನು ದಿನಾ ಗೋಗರೆಯುವುದು ಕಂಡಕ್ಟರಕ್ಕನ ಕಿವಿಗೆ ಬೀಳದೆ ಇರುತ್ತದೆಯೇ? ಒಂದು ಮುಂಜಾನೆ ನನಗೆ ಟಿಕೆಟ್ ಕೊಡುತ್ತ ದನಿ ತಗ್ಗಿಸಿ ಕೇಳಿದಳು.

"ಮೇಡಮ್ಮಾರ, ನಿಮ್ಮ ಕಿವಿ ಪರೀಕ್ಷೆಗೆ ನಾ ಬರಬೌದೇನ್ರಿ?"

ಉಳಿದವರನ್ನು ಚಹಾ, ಮಿರ್ಚಿ ಬಜ್ಜಿಯ ಆಸೆ ತೋರಿಸಿ ಕರೆತರುತ್ತಿದ್ದ ನನಗೆ ಬೇರೆ ಏನು ಬೇಕು? ಇಂಥ ಕಿವಿ ತಾನಾಗಿ ಬರುತ್ತಿದೆಯಲ್ಲ ಎಂದು ಕುಣಿಯುವಷ್ಟು ಖುಷಿಯಾಯಿತು. ಯಾಕೆ ಬರುತ್ತಿದ್ದಾಳೆ ಎಂದು ಯೋಚಿಸಲೇ ಇಲ್ಲ.

ವಾರದ ರಜೆಯ ದಿನ ಬಂದಳು. ಖಾಕಿ ಇಲ್ಲದೆ, ಹಸಿರು ಸೀರೆ ಉಟ್ಟು ಮಲ್ಲಿಗೆ ಮುಡಿದು ಬಂದವಳನ್ನು ಬಾಗಿಲಲ್ಲಿ ನಾನು ಒಂದು ಕ್ಷಣ ಗುರುತೇ ಹಿಡಿಯಲಿಲ್ಲ. ಬೆಂಡೋಲೆ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡು, ದೇವರ ಮುಂದೆ ಕೂತ ಹಾಗೆ ಕುರ್ಚಿಯಲ್ಲಿ ಕೂತಳು. ನಾನು ಸದ್ದು ಬಿಟ್ಟೆ. ಮುಂದಿನಿಂದ ಬಂದಂತೆ ಮಾಡಿದ ಸದ್ದಿಗೆ ಆಕೆ ಹಿಂದಕ್ಕೆ ಕೈ ತೋರಿಸಿದಳು. ಮತ್ತೆ ಮುಂದಿನದು, ಮತ್ತೆ ಹಿಂದಕ್ಕೇ ಕೈ. ಎಡ ಬಲ ತಪ್ಪಲಿಲ್ಲ. ಆದರೆ ಹಿಂದು ಮುಂದು ಪೂರಾ ಕಲಸಿಹೋಯಿತು. ಮೇಲಿನಿಂದ ಬರಬೇಕಾದದ್ದನ್ನು ನೆಲದಿಂದ ಬಂತೆಂದಳು. ಇಂಥ ತಪ್ಪು ಎಲ್ಲರೂ ಸ್ವಲ್ಪ ಸ್ವಲ್ಪ ಮಾಡುತ್ತಿದ್ದರು. ಆದರೆ ಇಷ್ಟೊಂದನ್ನು ಯಾರೂ ಮಾಡಿರಲಿಲ್ಲ, ಅಮ್ಮನನ್ನು ಬಿಟ್ಟರೆ.

ಚೆನ್ನಾಗಿ ಆಯಿತು ಎಂದು ಬಾಯಿ ಹೇಳಿತು. ಮುಖ ಬೇರೆ ಏನೋ ಹೇಳಿರಬೇಕು. ದಿನಕ್ಕೆ ನೂರಾರು ಮುಖ ಓದುವವಳಿಗೆ ಅದು ತಿಳಿಯದೆ ಇರುತ್ತದೆಯೇ? ಅಮ್ಮ ಕೊಟ್ಟ ಚಹಾ ಅರ್ಧ ಕುಡಿದು, ಹೊತ್ತಾಯಿತು ಎಂದು ಎದ್ದಳು. ಬೆಂಡೋಲೆ ಹಾಕಿಕೊಳ್ಳುವುದನ್ನೂ ಮರೆತು ಹೋದಳು.

ಮರುದಿನದಿಂದ ಆಕೆ ಬೇರೆಯೇ ಕಂಡಕ್ಟರಾದಳು. ಕಂಬಕ್ಕೆ ಒರಗುವುದು ಬಿಟ್ಟು, ಅಷ್ಟು ಜನರ ನಡುವೆ ನುಗ್ಗಿ ಹಿಂದಕ್ಕೆ ಹೋಗುವಳು, ಮತ್ತೆ ಮುಂದಕ್ಕೆ ಬರುವಳು. ಒಬ್ಬೊಬ್ಬರನ್ನೂ ಎರಡೆರಡು ಸಲ, ಎಲ್ಲಿ ಇಳಿಯುತ್ತೀರಿ ಎಂದು ಕೇಳುವಳು. ತಮಾಷೆಯಿಲ್ಲ, ನಗುವಿಲ್ಲ. ಜನ ಆರಾಮಿಲ್ಲವೇನಕ್ಕಾ ಎಂದು ಕೇಳತೊಡಗಿದರು. ವಾರವಾದ ಮೇಲೆ ಕುರುಗೋಡಿನ ನಿಲ್ದಾಣದಲ್ಲಿ ಎಲ್ಲರೂ ಇಳಿದರೂ ನಾನು ಇಳಿಯಲಿಲ್ಲ. ಆಕೆ ಬಂದು ಪಕ್ಕದ ಸೀಟಿನಲ್ಲಿ ಕುಳಿತಳು. ಆಕೆ ಬಸ್ಸಿನಲ್ಲಿ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಗ ಗೊತ್ತಾಯಿತು. ಒಂದು ತಿಂಗಳ ಹಿಂದೆ, ಹಳ್ಳದ ಕ್ರಾಸಿನಲ್ಲಿ ಇಳಿಯಬೇಕಿದ್ದ ಒಬ್ಬ ಮುದುಕಿ ಇಳಿಯದೆ ಮುಂದಕ್ಕೆ ಹೋಗಿದ್ದಳು. ಬಿಸಿಲಲ್ಲಿ ಅಷ್ಟು ದೂರ ತಿರುಗಿ ನಡೆದು ಬಂದಳಂತೆ. ಆಕೆಯ ಮಗ ಡಿಪೋಕ್ಕೆ ಹೋಗಿ, ನಮ್ಮವ್ವ ನಿಲ್ಲಿಸಿ ನಿಲ್ಲಿಸಿ ಎಂದು ಮೂರು ಸಲ ಕೂಗಿದಳು, ಕಂಡಕ್ಟರಿಗೆ ಕಿವಿಯೇ ಕೇಳಲಿಲ್ಲ ಎಂದು ಜಗಳ ತೆಗೆದಿದ್ದ. ಡಿಪೋ ಸಾಹೇಬರು ಒಳ್ಳೆಯವರೇ, ಬರಹದಲ್ಲಿ ಏನೂ ಇಡಲಿಲ್ಲ. ಆದರೆ ವಯಸ್ಸಾಗುತ್ತ ಬಂತು, ದಿನವಿಡೀ ಇಂಜಿನ್ ಸದ್ದು, ಒಮ್ಮೆ ಆಸ್ಪತ್ರೆಯಲ್ಲಿ ಕಿವಿ ತೋರಿಸಮ್ಮಾ, ಆಗದಿದ್ದರೆ ಡಿಪೋದ ಒಳಗೇ ಕೂತು ಮಾಡುವ ಕೆಲಸ ಕೊಡೋಣ ಎಂದಿದ್ದರು. ಆಕೆಗೆ ಅದು ಎದೆಗೆ ಬಡಿದಿತ್ತು. ಮೂರು ಸಲ ಕೂಗಿದ್ದು ತನಗೆ ಕೇಳಿರಲಿಲ್ಲ ಅನ್ನುವುದೇನೋ ನಿಜ. ಹಾಗಾದರೆ ಕಿವಿ ಹೋಗಿದೆಯೇ? ಆಸ್ಪತ್ರೆಗೆ ಹೋದರೆ ಕಾಗದದಲ್ಲಿ ಬರೆಯುತ್ತಾರೆ. ಅದಕ್ಕೆ ಮೊದಲು ಯಾರಿಗೂ ತಿಳಿಯದ ಹಾಗೆ ನೋಡಿಕೊಳ್ಳೋಣವೆಂದು ನನ್ನ ಹತ್ತಿರ ಬಂದಿದ್ದಳು.

"ನಿಮ್ಮ ಮಿಷನ್ನೂ ಅದನ್ನ ಹೇಳ್ತು ಬಿಡ್ರಿ," ಎಂದಳು. "ರೋಡಿನ ಮ್ಯಾಲೆ ಇಪ್ಪತ್ತು ವರ್ಸ ಆತ್ರಿ. ನನ್ನ ತಗೊಂಡು ಹೋಗಿ ಗ್ವಾಡಿ ಮುಂದ ಕುಂದ್ರಿಸಿದ್ರ ನಾ ಏನ್ ಕೇಳ್ಲಿ?"

ನನಗೆ ಬಸ್ಸಿನ ನೆಲದೊಳಗೆ ಹೂತುಹೋಗುವಷ್ಟು ನಾಚಿಕೆಯಾಯಿತು. ತಪ್ಪು ಆಕೆಯ ಕಿವಿಯದಲ್ಲ, ನಾನು ಕೊಟ್ಟ ಸದ್ದಿನದು. ಆ ಸದ್ದುಗಳನ್ನು ತಿದ್ದಿದ್ದು ಯಾವುದೋ ದೇಶದ ಪ್ರಯೋಗಶಾಲೆಯಲ್ಲಿ ಒಂದು ಗೊಂಬೆಯ ತಲೆಯನ್ನಿಟ್ಟು ತೆಗೆದ ಅಳತೆಯಿಂದ. ಒಬ್ಬೊಬ್ಬರ ಕಿವಿಯ ಸುರುಳಿ ಒಂದೊಂದು ಥರ. ಹುಟ್ಟಿದಂದಿನಿಂದ ಅವರವರ ಮಿದುಳು ಅವರವರ ಕಿವಿಯನ್ನೇ ಕಲಿತಿರುತ್ತದೆ. ಗೊಂಬೆಯ ಕಿವಿಗೆ ಹತ್ತಿರವಾದ ಕಿವಿಯವರು ಸುಮಾರಾಗಿ ಸರಿ ಹೇಳುತ್ತಾರೆ. ದೂರವಾದವರು ಹಿಂದು ಮುಂದು ಕಲಸುತ್ತಾರೆ. ಇದನ್ನೆಲ್ಲ ಪರೀಕ್ಷೆಯ ಮೊದಲೇ ಆಕೆಗೆ ಬಿಡಿಸಿ ಹೇಳಬೇಕಿತ್ತು. ನನ್ನ ಗಡಿಬಿಡಿಯಲ್ಲಿ ಹೇಳಿರಲಿಲ್ಲ. ಈಗ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಸಮಾಧಾನಕ್ಕ ಹೇಳ್ತೀರಿ," ಎಂದು ಎದ್ದು ಹೋಗಿ ಸೀಟಿ ಊದಿದಳು.

ಅವತ್ತು ನನ್ನ ಗೈಡಿಗೆ ಫೋನ್ ಮಾಡಿದೆ. ಅವರು ಬೇರೆ ಊರಿನವರು, ಶಿಸ್ತಿನ ಮನುಷ್ಯ. ಇಷ್ಟು ಅಡ್ಡಾದಿಡ್ಡಿ ಉತ್ತರ ಕೊಟ್ಟವರನ್ನು ಪಟ್ಟಿಯಿಂದ ತೆಗೆದುಬಿಡು, ಫಲಿತಾಂಶ ಚೊಕ್ಕಟವಾಗುತ್ತದೆ ಎಂದರು. ತೆಗೆದರೆ ಕೆಲಸ ಸಲೀಸು. ಆದರೆ ಮರುದಿನ ಮುಂಜಾನೆ ಬಸ್ಸು ಹತ್ತಬೇಕಲ್ಲ, ಆಕೆಯ ಕೈಯಿಂದ ಟಿಕೆಟ್ ತೆಗೆದುಕೊಳ್ಳಬೇಕಲ್ಲ. ನಾನು ತೆಗೆಯುವುದಿಲ್ಲ ಸರ್, ಆಕೆಯ ಸ್ವಂತ ಕಿವಿಯನ್ನೇ ಅಳೆಯುತ್ತೇನೆ ಎಂದುಬಿಟ್ಟೆ. ಅದಕ್ಕೆ ಬೇಕಾದ ತಾಪತ್ರಯ ಎಷ್ಟು ಗೊತ್ತೇನಮ್ಮಾ ಎಂದರು. ಗೊತ್ತಿರಲಿಲ್ಲ. ಗೊತ್ತಿದ್ದರೆ ಬಹುಶಃ…

ಕಂಡಕ್ಟರಕ್ಕನನ್ನು ಒಪ್ಪಿಸಲು ಮೂರು ದಿನ ಹಿಡಿಯಿತು. ಇನ್ನೊಮ್ಮೆ ಸೋಲಲು ಆಕೆಗೆ ಮನಸ್ಸಿರಲಿಲ್ಲ. ಕೊನೆಗೆ, ಇದು ನನ್ನ ಪಿಎಚ್‌ಡಿ ಪ್ರಶ್ನೆ, ನೀವು ಬರದಿದ್ದರೆ ನಾನು ಸೋಲುತ್ತೇನೆ ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಹಾಗಾದರೆ ಬರುತ್ತೇನೆ ಎಂದಳು.

ಇಬ್ಬರೂ ಆಟೋ ಮಾಡಿಕೊಂಡು ಕೌಲ್ ಬಜಾರಿಗೆ ಹೋದೆವು. ಅಲ್ಲಿನ ಗಲ್ಲಿಯೊಂದರಲ್ಲಿ ಕಿವಿಮಿಷನ್ ಮಾರುವ ಚಾಚಾ ಒಬ್ಬರಿದ್ದರು. ಕಿವಿಯ ಅಚ್ಚು ತೆಗೆದು ಅದಕ್ಕೆ ಸರಿಯಾಗಿ ಕೂರುವ ಹಾಗೆ ಮಿಷನ್ ಮಾಡಿಕೊಡುವುದರಲ್ಲಿ ಎತ್ತಿದ ಕೈ. ನಮಗೆ ಬೇಕಾದದ್ದು ಮಿಷನ್ ಅಲ್ಲ, ಹೆಸರುಕಾಳಿನಷ್ಟು ಸಣ್ಣ ಮೈಕು ಹಿಡಿದಿಟ್ಟುಕೊಳ್ಳುವ ಎರಡು ಅಚ್ಚು, ಕಿವಿಯೂ ಕೇಳಬೇಕು, ಅದಕ್ಕೆ ನಡುವೆ ತೂತು ಇರಬೇಕು ಎಂದು ಹೇಳಿದಾಗ ಚಾಚಾ ಕನ್ನಡಕ ಹಣೆಗೇರಿಸಿ ನಮ್ಮಿಬ್ಬರನ್ನೂ ನೋಡಿದರು. ಪೊಲೀಸರ ಕೆಲಸವೇನಮ್ಮಾ ಎಂದು ಮೆಲ್ಲಗೆ ಕೇಳಿದರು. ಅಲ್ಲ, ಓದಿನ ಕೆಲಸ ಎಂದ ಮೇಲೆ ಗುಲಾಬಿ ಹಿಟ್ಟು ನಾದಿ ಆಕೆಯ ಕಿವಿಗೆ ತುಂಬಿದರು. ತಣ್ಣಗಿನ ಹಿಟ್ಟು ಒಳಗೆ ಹೋಗುತ್ತಲೇ ಕಂಡಕ್ಟರಕ್ಕನಿಗೆ ಕಚಗುಳಿಯಾಗಿ ನಗು ತಡೆಯಲಾಗಲಿಲ್ಲ. ಅಲುಗಾಡಬೇಡಮ್ಮಾ ಎಂದು ಚಾಚಾ, ಅಲುಗಾಡಿ ಅಲುಗಾಡಿ ನಗುವ ಈಕೆ. ಆ ತಿಂಗಳಲ್ಲಿ ಆಕೆ ಮೊದಲ ಸಲ ನಕ್ಕದ್ದು ಚಾಚಾರ ಅಂಗಡಿಯಲ್ಲಿ. ಎಡಗಿವಿಯ ಮೊದಲ ಅಚ್ಚು ಆ ನಗೆಗೆ ಸೊಟ್ಟಗಾಯಿತು. ಬೇರೆ ತೆಗೆಯಬೇಕಾಯಿತು. ಸೊಟ್ಟಗಾದದ್ದನ್ನು ಚಾಚಾ ನನಗೆ ಹಾಗೇ ಕೊಟ್ಟರು. ಈಗ ನನ್ನ ಲ್ಯಾಬಿನಲ್ಲಿ ಉಳಿದಿರುವುದು ಅದೇ.

ಅಳತೆಗೆ ಎರಡು ಭಾನುವಾರ ಬೇಕಾದವು. ಕುರ್ಚಿಯಲ್ಲಿ ಅಲುಗದೆ ಕೂತಿರಬೇಕು. ನಾನು ಒಂದು ಸಣ್ಣ ಸ್ಪೀಕರನ್ನು ಕೋಲಿಗೆ ಕಟ್ಟಿ ವೃತ್ತದ ಗುರುತು ಗುರುತಿಗೂ ಒಯ್ದು, ಮೇಲೆ ಕೆಳಗೆ ಹಿಡಿದು ಸದ್ದು ಬಿಡಬೇಕು. ಆಕೆಯ ಕಿವಿಯೊಳಗಿನ ಮೈಕು ಅದನ್ನು ದಾಖಲಿಸಬೇಕು. ಬಸ್ಸಿನಲ್ಲಿ ಇಡೀ ದಿನ ನಿಂತೇ ಇರುವವಳಿಗೆ ಕೂರುವುದೇ ಶಿಕ್ಷೆ. ಅರ್ಧ ತಾಸಿಗೊಮ್ಮೆ, ಮೇಡಮ್ಮಾರ ಒಂದು ಹೋಲ್ಡಾನ್ ಕೊಡಿ ಎಂದು ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕುವಳು. ಮುಗಿದ ಮೇಲೆ ತಾನೇ "ರೈಟ್" ಎಂದು ಕೂರುವಳು. ಅಮ್ಮನಿಗೂ ಆಕೆಗೂ ಹೊಂದಿಕೆಯಾಯಿತು. ಮಡಿ ಅಡಿಗೆಯವಳಾದ ನಮ್ಮಮ್ಮ ಆಕೆಗಾಗಿ ಓಣಿಯ ತುದಿಯ ಬಂಡಿಯಿಂದ ಮಂಡಕ್ಕಿ ವಗ್ಗರಣಿ, ಮಿರ್ಚಿ ತರಿಸಿದಳು, ತಾನೂ ಒಂದು ತುಣುಕು ಬಾಯಿಗೆ ಹಾಕಿಕೊಂಡು ಯಾರಿಗೂ ಹೇಳಬೇಡಿ ಎಂದಳು.

ಆಕೆಯ ಕಿವಿಯ ಅಳತೆಯನ್ನು ಲೆಕ್ಕಕ್ಕೆ ಸೇರಿಸಿ ಸದ್ದುಗಳನ್ನು ಹೊಸದಾಗಿ ತಯಾರಿಸಲು ನನಗೆ ಇನ್ನೂ ಎರಡು ವಾರ ಹಿಡಿಯಿತು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಆಕೆ ಮತ್ತೆ ಬಂದು ಕುಳಿತಳು. ಈ ಸಲ ಮಲ್ಲಿಗೆ ಮುಡಿದಿರಲಿಲ್ಲ. ಹೆಡ್‌ಫೋನ್ ಹಾಕಿದೆ. ಎದುರಿನಿಂದ ಬರಬೇಕಾದ ಸದ್ದನ್ನೇ ಮೊದಲು ಬಿಟ್ಟೆ.

ಆಕೆ ಕೈ ತೋರಿಸಲಿಲ್ಲ. ಹೆಡ್‌ಫೋನ್ ಕಿತ್ತು ತೆಗೆದು, ಕಣ್ಣು ಬಿಟ್ಟು ಎದುರಿನ ಗೋಡೆಯನ್ನು ದಿಟ್ಟಿಸಿದಳು.

"ಅಲ್ಲಿ ಸ್ಪೀಕರ್ ಇಟ್ಟೀರೇನ್ರಿ?"

"ಇಲ್ಲಕ್ಕಾರ. ಬರೇ ಹೆಡ್‌ಫೋನು."

ಎದ್ದು ಹೋಗಿ ಗಾದಿಯ ಹಿಂದೆ ಕೈ ಹಾಕಿ ತಡವಿ ನೋಡಿದಳು. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಂದು ಕುಳಿತಳು. ಆಮೇಲೆ ನೋಡಬೇಕಿತ್ತು ಆಕೆಯ ಕೈಯನ್ನು. ಎದುರಿನದಕ್ಕೆ ಎದುರು, ಬೆನ್ನ ಹಿಂದಿನದಕ್ಕೆ ಬೆನ್ನ ಹಿಂದೆ, ತಲೆಯ ಮೇಲಿನದಕ್ಕೆ ಚಾವಣಿ. ಸದ್ದು ಮುಗಿಯುವ ಮೊದಲೇ ಬೆರಳು ಹೋಗುತ್ತಿತ್ತು. ನಡುನಡುವೆ, ಇದು ಮೂರನೇ ಸೀಟು, ಇದು ಹಿಂದಿನ ಬಾಗಿಲು, ಇದು ಬಸ್ಸಿನ ಮೇಲೆ ಗಂಟು ಇಟ್ಟವನದು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಾನು ಗುರುತು ಹಾಕಿಕೊಳ್ಳುತ್ತ ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಕಣ್ಣು ಮಂಜಾಗಿ ಗುರುತೇ ಕಾಣುತ್ತಿರಲಿಲ್ಲ.

ಮುಗಿದ ಮೇಲೆ ಬೆಂಡೋಲೆ ಹಾಕಿಕೊಳ್ಳುತ್ತ, ಹಾಗಾದರೆ ಮುದುಕಿ ಕೂಗಿದ್ದು ಯಾಕೆ ಕೇಳಲಿಲ್ಲ ಎಂದು ಕೇಳಿದಳು.

ಉತ್ತರ ಆಕೆಗೆ ಬಸ್ಸಿನಲ್ಲೇ ಸಿಕ್ಕಿತು. ನನಗೆ ಆಸೆ ಹುಟ್ಟಿತ್ತು: ತುಂಬಿದ ಬಸ್ಸು ಆಕೆಯ ಕಿವಿಗೆ ಹೇಗೆ ಕೇಳುತ್ತದೆ ಎಂದು ಒಮ್ಮೆ ಕೇಳಬೇಕು. ಆಕೆ ಖುಷಿಯಿಂದ ಒಪ್ಪಿ, ಅಚ್ಚು ಮೈಕು ಹಾಕಿಕೊಂಡು, ತಂತಿಯನ್ನು ತುರುಬಿನೊಳಗೆ ಸಿಕ್ಕಿಸಿ, ರೆಕಾರ್ಡರನ್ನು ಕೋಟಿನ ಕಿಸೆಗೆ ಹಾಕಿ ಮಧ್ಯಾಹ್ನದ ಒಂದು ಟ್ರಿಪ್ ಮಾಡಿದಳು. ಸಂಜೆ ನಾನು ಹೆಡ್‌ಫೋನ್ ಹಾಕಿ ಕುಳಿತೆ. ನಮ್ಮ ಮನೆಯ ಗಾದಿ ಕಟ್ಟಿದ ಕೋಣೆ ಬಸ್ಸಾಯಿತು. ನನ್ನ ಸುತ್ತ ಜನ, ಜನ, ಜನ. ಬಲಕ್ಕೆ ಇಂಜಿನ್ ಗುಡುಗು, ಎಲ್ಲೋ ಕೋಳಿಯೊಂದರ ಗೊಣಗು, ಯಾರದೋ ಬಳೆ. ಎಲ್ಲದಕ್ಕೂ ಒಂದೊಂದು ಜಾಗ. "ಟಿಕೆಟ್, ಟಿಕೆಟ್" ಎಂಬ ಆಕೆಯ ದನಿ ಮಾತ್ರ ಹೊರಗೆಲ್ಲೂ ಇಲ್ಲ, ನನ್ನ ತಲೆಯ ನಟ್ಟನಡುವಿನಿಂದ ಬರುತ್ತಿತ್ತು. ನಾನೇ ಕಂಡಕ್ಟರಾದೆನೇನೋ ಅನ್ನಿಸಿ ಒಬ್ಬಳೇ ಜೋರಾಗಿ ನಕ್ಕೆ. ಅಮ್ಮ ಬಾಗಿಲಿಗೆ ಬಂದು ನೋಡಿ ಹೋದಳು.

ಅಷ್ಟರಲ್ಲಿ ಎಡಕ್ಕೆ, ಆಕೆಯ ಕಿವಿಯಾದ್ದರಿಂದ ನನಗೆ ಹಿಂದೋ ಮುಂದೋ ತಿಳಿಯದ ಜಾಗದಿಂದ, ತಗ್ಗಿದ ದನಿಯಲ್ಲಿ ಒಬ್ಬ ಮುದುಕಿ ಪಕ್ಕದವಳಿಗೆ ತೆಲುಗಿನಲ್ಲಿ ಹೇಳುವುದು ಕೇಳಿಸಿತು. "ಆ ದಿನಂ ನಾಕು ನಿದ್ರ ಪಟ್ಟೇಸಿಂದಮ್ಮಾ…" ಅವತ್ತು ನನಗೆ ನಿದ್ದೆ ಹತ್ತಿಬಿಟ್ಟಿತ್ತು, ಎದ್ದು ನೋಡಿದರೆ ಕ್ರಾಸ್ ದಾಟಿಹೋಗಿತ್ತು. ಮಗ ಬಯ್ಯುತ್ತಾನೆಂದು ಹೆದರಿ, ಮೂರು ಸಲ ಕೂಗಿದೆ ಅಂದುಬಿಟ್ಟೆ. ಅವನು ಹೋಗಿ ಪಾಪ ಆ ಹೆಣ್ಣುಮಗಳ ಮೇಲೆ ಹೇಳಿ ಬಂದ. ಈಗ ಆಕೆಯ ಮುಖ ನೋಡಲು ನಾಚಿಕೆ…

ಹೆಡ್‌ಫೋನ್ ಎಸೆದು ಆಗಲೇ ಕಂಡಕ್ಟರಕ್ಕನಿಗೆ ಫೋನ್ ಮಾಡಿದೆ. ಉಸಿರು ಬಿಡದೆ ಎಲ್ಲ ಹೇಳಿದೆ. ಆಕೆ ತಣ್ಣಗೆ ಹೇಳಿದಳು.

"ಗೊತ್ರಿ. ಹಿಂದ ಎಡಕ್ಕ, ಕಡೇ ಸೀಟಿನ ಮುಂದಿನ ಸೀಟು. ಅಲ್ಲೇ ಕೇಳಿಸ್ತು ನನಗ."

ಇದನ್ನೇ ಡಿಪೋಕ್ಕೆ ಒಯ್ದು ಕೇಳಿಸೋಣ, ಇದಕ್ಕಿಂತ ಸಾಕ್ಷಿ ಬೇಕೇ ಎಂದೆ. ಬೇಡವೆಂದಳು. ಆ ಮಾತು ಮುದುಕಿಯ ಮಗನ ಕಿವಿಗೆ ಬಿದ್ದರೆ ಆಕೆಯ ಗತಿ ಏನು? ಯಾರೋ ಗುಟ್ಟಾಗಿ ಆಡಿದ ಮಾತನ್ನು ಊರಿಗೆ ಕೇಳಿಸುವುದೂ ಸರಿಯಲ್ಲ, ಅಷ್ಟನ್ನು ಅಳಿಸಿಬಿಡಿ ಎಂದಳು. ಮತ್ತೆ ನೀವೇನು ಮಾಡಿದಿರಿ ಎಂದು ಕೇಳಿದೆ. ಹಳ್ಳದ ಕ್ರಾಸ್ ಬಂದಾಗ ತಾನೇ ಹಿಂದಕ್ಕೆ ಹೋಗಿ ಮುದುಕಿಯ ಕೈ ಹಿಡಿದು ಇಳಿಸಿದಳಂತೆ. ಅಜ್ಜಿ, ಇನ್ನು ಮೇಲೆ ನೀನು ನಿದ್ದೆ ಮಾಡು, ಕ್ರಾಸ್ ಬಂದರೆ ನಾನೇ ಎಬ್ಬಿಸುತ್ತೇನೆ ಎಂದಳಂತೆ. ಮುದುಕಿ ಕೆಳಗೆ ನಿಂತು, ಬಸ್ಸು ಕಣ್ಮರೆಯಾಗುವವರೆಗೂ ನೋಡುತ್ತಲೇ ಇದ್ದಳಂತೆ. ಮರುವಾರ ಕಂಡಕ್ಟರಕ್ಕ ತಾನಾಗಿ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿ, ಚೆನ್ನಾಗಿವೆ ಎಂದು ಬರೆಸಿಕೊಂಡು ಬಂದು ಸಾಹೇಬರ ಮೇಜಿನ ಮೇಲಿಟ್ಟಳು. ಅಂದಿನಿಂದ ಮತ್ತೆ ಕಂಬಕ್ಕೆ ಒರಗಿದಳು.

ನನ್ನ ಪ್ರಬಂಧದ ದಿಕ್ಕೇ ಆಕೆಯಿಂದ ಬದಲಾಯಿತು. ಯಾರು ತಪ್ಪು ಹೇಳಿದರು ಎಂದು ಪಟ್ಟಿ ಮಾಡುವುದನ್ನು ಬಿಟ್ಟು, ಯಾರ ಕಿವಿಯನ್ನು ಯಾರಿಗೆ ಕೊಟ್ಟೆವು ಎಂದು ಕೇಳತೊಡಗಿದೆ. ಇನ್ನೂ ಕೆಲವರ ಕಿವಿ ಅಳೆದೆ. ಚಾಚಾರ ಅಂಗಡಿಗೆ ಒಳ್ಳೇ ಕೆಲಸ ಸಿಕ್ಕಿತು. ಪಿಎಚ್‌ಡಿ ಬಂದ ದಿನ ಬಸ್ಸಿನಲ್ಲಿ ಎಲ್ಲರಿಗೂ ಪೇಡೆ ಹಂಚಿದವಳು ಕಂಡಕ್ಟರಕ್ಕ.

ಆಮೇಲೆ ನನಗೆ ಬಳ್ಳಾರಿಯ ಕಾಲೇಜಿಗೇ ವರ್ಗವಾಯಿತು. ಬಸ್ಸು ಹತ್ತುವುದು ತಪ್ಪಿತು. ಮೊದಮೊದಲು ಹಬ್ಬಕ್ಕೊಮ್ಮೆ ಫೋನು, ನಂತರ ಅದೂ ಇಲ್ಲ. ಆಕೆ ನಿವೃತ್ತಳಾದದ್ದು ಯಾರಿಂದಲೋ ಗೊತ್ತಾಯಿತು, ಹೋಗಿ ಬರಬೇಕು ಎಂದುಕೊಂಡೆ. ಎಂದುಕೊಳ್ಳುತ್ತಲೇ ಇದ್ದೆ. ಆ ಬಸ್ಸಿನ ಸದ್ದಿನ ದಾಖಲೆ ಇದ್ದ ಹಳೇ ಕಂಪ್ಯೂಟರು ಒಂದು ಬೇಸಿಗೆಯಲ್ಲಿ ಕೆಟ್ಟು, ಅದರೊಳಗಿದ್ದುದೆಲ್ಲ ಹೋಯಿತು. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಎಷ್ಟು ಹೊತ್ತು ಬೇಕಿತ್ತು…

ಡಬ್ಬಿ ಸಿಕ್ಕ ದಿನವೇ ಆಕೆಯ ಹಳೇ ನಂಬರಿಗೆ ಫೋನ್ ಮಾಡಿದೆ. ಗಂಡಸಿನ ದನಿ ಬಂತು. ಯಾರೆಂದು ಹೇಳಿದೆ. "ಆಕಿ ಇಲ್ರಿ. ಎರಡು ವರ್ಸ ಆತು. ನಂಬರ್ ಇರ್ಲಿ ಅಂತ ನಾನ ಇಟ್ಟೀನಿ," ಎಂದರು ಆಕೆಯ ಯಜಮಾನರು.

ಆ ಭಾನುವಾರ ಪ್ರಬಂಧದ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಸಿರುಗುಪ್ಪಕ್ಕೆ ಹೋದೆ. ಯಜಮಾನರು ಅಕ್ಕಿ ಗಿರಣಿಯಲ್ಲಿ ದುಡಿದವರು. ಮಗಳು, ಅಳಿಯ ಜೊತೆಗೇ ಇದ್ದಾರೆ. ಮಗಳಿಗೆ ಥೇಟ್ ತಾಯಿಯ ಮೈಕಟ್ಟು. ಮನೆ ಮಾತಿನಿಂದ ತುಂಬಿತ್ತು. ಕಂಡಕ್ಟರಕ್ಕ ಬರೇ ನಾಲ್ಕು ದಿನದ ಜ್ವರದಲ್ಲಿ ಹೋದದ್ದನ್ನು ಹೇಳಿದರು. ಹಾಗೆಯೇ ಆಕೆಯ ತಮಾಷೆಗಳನ್ನೂ ಹೇಳಿದರು, ನಾನು ಬೆಕ್ಕಿನ ಟಿಕೆಟ್ಟಿನ ಕತೆ ಹೇಳಿದೆ. ಎಲ್ಲರೂ ನಕ್ಕೆವು. ಕೊನೆಗೆ ಯಜಮಾನರು ಮೆಲ್ಲಗೆ ಒಂದು ಮಾತು ಕೇಳಿದರು. ಬಳ್ಳಾರಿಯ ಮೇಡಂ ಒಬ್ಬರು ನನ್ನ ಕಿವಿ ಮೇಲೆ ಪುಸ್ತಕ ಬರೆದಿದ್ದಾರೆ ಎಂದು ಆಕೆ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳಂತೆ. ಆಕೆಯ ಬಾಯಲ್ಲಿ ಎಲ್ಲವೂ ಒಂದಕ್ಕೆ ನಾಲ್ಕು, ಹಾಗಾಗಿ ಮನೆಯಲ್ಲಿ ಯಾರೂ ನಂಬಿರಲಿಲ್ಲವಂತೆ. "ಖರೇನ ಏನ್ರಿ ಅದು?"

ಪುಸ್ತಕ ತೆಗೆದು ಅವರ ತೊಡೆಯ ಮೇಲಿಟ್ಟೆ. ಆಕೆಯ ಹೆಸರು ಎಲ್ಲಿದೆ ಎಂದರು. ಇಂಥ ಪುಸ್ತಕಗಳಲ್ಲಿ ಕೇಳಿದವರ ಹೆಸರು ಹಾಕುವುದಿಲ್ಲ, ಬರೇ ಸಂಖ್ಯೆ ಎಂದು ಹೇಳಿದೆ. ಆಕೆಯ ಸಂಖ್ಯೆ ಹನ್ನೊಂದು ಎಂದೆ. ಅವರಿಗೆ ಬೇಸರವಾಗಲಿಲ್ಲ. ಬ್ಯಾಡ್ಜಿನ ಮೇಲೂ ಆಕೆಗೆ ನಂಬರೇ ಇತ್ತಲ್ಲ ಎಂದರು. ಆ ಪುಟ ತೆರೆದೆ. ಸದ್ದು ಎಲ್ಲಿಂದ ಬರಬೇಕಿತ್ತು, ಆಕೆ ಎಲ್ಲಿ ತೋರಿಸಿದಳು ಎಂದು ಚುಕ್ಕಿಗಳಲ್ಲಿ ಬಿಡಿಸಿದ ಎರಡು ಚಿತ್ರ. ಗೊಂಬೆಯ ಕಿವಿಯದರಲ್ಲಿ ಚುಕ್ಕಿಗಳು ಚೆಲ್ಲಾಪಿಲ್ಲಿ. ಆಕೆಯ ಸ್ವಂತ ಕಿವಿಯದರಲ್ಲಿ ಮೂಲೆಯಿಂದ ಮೂಲೆಗೆ ಒಂದೇ ಗೆರೆ.

ಹಂಗಾದರೆ ಆಕೆ ಹೇಳಿದ್ದು ನಿಜವೇ ಎನ್ನುತ್ತ ಮಗಳನ್ನು ಕೂಗಿ ಕರೆದರು. ಇವು ನಿಮ್ಮವ್ವನವು ನೋಡು ಎಂದು ಬೆರಳಿಟ್ಟು ತೋರಿಸಿದರು. ಬೆರಳು ಗೆರೆಯಗುಂಟ ಮೆಲ್ಲಗೆ ಸರಿದು, ಒಂದು ಕಡೆ ನಿಂತಿತು. ಒಂದೇ ಒಂದು ಚುಕ್ಕಿ ಗೆರೆ ಬಿಟ್ಟು ದೂರ ಕೂತಿತ್ತು.

"ಇದೊಂದು ಯಾಕ್ರಿ ಹೊರಗ ಹೋಗೈತಿ?"

ಆ ಚುಕ್ಕಿಯ ಸದ್ದು ಬಿಟ್ಟ ಹೊತ್ತಿಗೆ ಸರಿಯಾಗಿ ನಮ್ಮಮ್ಮ ಅಡಿಗೆಮನೆಯಿಂದ, ಕಂಡಕ್ಟರಕ್ಕಾ ಚಹಾ ಆಯಿತು ಬಾ ಎಂದು ಕೂಗಿದ್ದಳು. ಗಾದಿ ಕಟ್ಟಿದ ಗೋಡೆಯಾಚೆಯಿಂದ, ಹೆಡ್‌ಫೋನಿನ ಒಳಗೂ ಅದು ಆಕೆಗೆ ಕೇಳಿಸಿತ್ತು. ನನ್ನ ಸದ್ದು ಬಿಟ್ಟು ಅತ್ತ ಕೈ ತೋರಿಸಿದ್ದಳು. ಅದನ್ನು ಹೇಳಿದೆ. ಯಜಮಾನರು ನಗತೊಡಗಿದರು. ನಕ್ಕು ನಕ್ಕು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು.

"ಹಂಗಾರ ಅದೂ ಸರೀನ ಐತಲ್ರಿ," ಎಂದರು.

ಹೌದಲ್ಲ ಎಂದೆ. ಇಷ್ಟು ವರ್ಷ ನಾನದನ್ನು ತಪ್ಪಿನ ಲೆಕ್ಕಕ್ಕೇ ಸೇರಿಸಿದ್ದೆ. ತಿದ್ದಿಕೊಂಡೆ ಎಂದು ಆಕೆಗೇ ಹೇಳೋಣವೆಂದರೆ… ಆಕೆ ಇಲ್ಲ. ಯಜಮಾನರು ಆ ಒಂದು ಚುಕ್ಕಿಯ ಮೇಲಿಂದ ಬೆರಳು ತೆಗೆಯಲೇ ಇಲ್ಲ.